ಕ್ಯಾನ್ಸರ್ ವಾಸಿಯಾಗದಿದ್ದರೆ ಬೆನ್ನಿನ ಆಪರೇಷನ್ ಯಾಕೆ?

ಪ್ರಶ್ನೆ: ಅಮ್ಮನಿಗೆ ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಮಲಗಿದರೆ ಆರಾಮ, ಎದ್ದು ಕೂತರೆ ನೋವಿಗೆ ಕಿರುಚುತ್ತಾರೆ. ಸ್ಕ್ರೂ, ರಾಡ್ ಹಾಕಬೇಕಂತೆ. ಕ್ಯಾನ್ಸರ್ ಹೇಗೂ ಹೋಗಲ್ಲ, ರೇಡಿಯೇಷನ್ ಸಾಲದೇ ಡಾಕ್ಟ್ರೇ?

ಉತ್ತರ: ಮಲಗಿದರೆ ಆರಾಮ, ಎದ್ದರೆ ನೋವು ಅಂದಿರಲ್ಲ, ಮುಖ್ಯವಾದ ಸುಳಿವು ಅದೇ. ಮೂಳೆ ಮೈಭಾರ ಹೊರಲಾರದೆ ಅಲುಗಾಡುತ್ತಿರಬಹುದು. ರೇಡಿಯೇಷನ್ ಗೆಡ್ಡೆಯನ್ನು ಕುಗ್ಗಿಸುತ್ತದೆ, ಆದರೆ ಕುಸಿದ ಮೂಳೆಗೆ ಆಸರೆ ಕೊಡುವುದಿಲ್ಲ. ಗೆದ್ದಲು ಸತ್ತರೂ ತೊಲೆ ಗಟ್ಟಿಯಾಗುವುದಿಲ್ಲ, ಅಲ್ವಾ?

ನಿಮ್ಮ ಡಾಕ್ಟರನ್ನು 'ಸಿನ್ಸ್' (SINS) ಅಂಕ, ಅಂದರೆ ಕ್ಯಾನ್ಸರ್ ತಗುಲಿದ ಬೆನ್ನು ಎಷ್ಟು ಭದ್ರ ಅಂತ ಅಳೆಯುವ ಅಂಕ, ಎಷ್ಟು ಅಂತ ಕೇಳಿ. ಜಾಗ, ನೋವು, ಮೂಳೆಯ ಕುಸಿತ, ಓರೆ ಎಲ್ಲ ನೋಡಿ 18ಕ್ಕೆ ಅಂಕ ಹಾಕುತ್ತಾರೆ. 13 ಅಥವಾ ಜಾಸ್ತಿ ಬಂದರೆ ಬೆನ್ನು ಭದ್ರವಾಗಿಲ್ಲ ಎಂದರ್ಥ. 7ರಿಂದ 12 ಬಂದರೂ ಸರ್ಜನ್ ನೋಡಲೇಬೇಕು.

ಈ ಆಪರೇಷನ್ ಕ್ಯಾನ್ಸರ್ ವಾಸಿ ಮಾಡಲಿಕ್ಕಲ್ಲ. ಅಮ್ಮ ಎದ್ದು ಕೂತು ಊಟ ಮಾಡಲಿ, ತಾವೇ ಬಾತ್‌ರೂಮಿಗೆ ಹೋಗಲಿ ಅಂತ. ನನಗಂತೂ ಇದು ಸಣ್ಣ ಲಾಭ ಅನ್ನಿಸುವುದಿಲ್ಲ. ಕೆಲವರಿಗೆ ಸಣ್ಣ ತೂತುಗಳ ಮೂಲಕವೇ ಸ್ಕ್ರೂ ಹಾಕಬಹುದು. ಗಾಯ ಮಾಯಲು ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು ರೇಡಿಯೇಷನ್ ಕೊಡುತ್ತಾರೆ.

ಎಲ್ಲರಿಗೂ ಇದು ಸರಿಹೋಗುವುದಿಲ್ಲ. ತೀರಾ ನಿತ್ರಾಣ ಇದ್ದರೆ, ಉಳಿದಿರುವುದು ಕೆಲವೇ ವಾರ ಅನ್ನಿಸಿದರೆ, ನಾನು ಸುಮ್ನೆ ಕೊಯ್ಯುವುದಿಲ್ಲ. ನೋವಿನ ಔಷಧಿ, ಬೆಲ್ಟು, ಕೆಲವೊಮ್ಮೆ ಮೂಳೆಗೆ ಸಿಮೆಂಟು ಸಾಕು.

ಕಾಲು ಸೋತರೆ, ಜೋಮು ಹಿಡಿದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅಮ್ಮನನ್ನು ಮಲಗಿಸಿಕೊಂಡೇ ತುರ್ತು ವಿಭಾಗಕ್ಕೆ ಕರೆತನ್ನಿ.