ಡಿಶ್ ಒಂದೇ ಇರುವಾಗ ಝಡ್‌ಡಿಆರ್ ಯಾಕೆ ತಪ್ಪು ಬರುತ್ತದೆ?

ಹವಾಮಾನ ರೇಡಾರ್ ಅಡ್ಡಕ್ಕೆ ಕಂಪಿಸುವ ಅಲೆ, ಲಂಬಕ್ಕೆ ಕಂಪಿಸುವ ಅಲೆ ಎರಡನ್ನೂ ಕಳಿಸುತ್ತದೆ. ಮಳೆಯಿಂದ ವಾಪಸ್ ಬಂದ ಅವುಗಳ ಶಕ್ತಿಯ ಅನುಪಾತವೇ ಝಡ್‌ಡಿಆರ್, ಹನಿ ದೊಡ್ಡದಾಗಿ ಚಪ್ಪಟೆಯಾದಷ್ಟೂ ಅದು ಜಾಸ್ತಿ. ಅಡ್ಡ ಅಲೆ, ಲಂಬ ಅಲೆ ಎರಡೂ ಒಂದೇ ಡಿಶ್‌ನಿಂದ ಹೋಗಿ ಬರುವಾಗ ಆಂಟೆನಾದ ದೋಷ ಲೆಕ್ಕದಲ್ಲಿ ತಾನಾಗಿ ಕಳೆದುಹೋಗಬೇಕಲ್ವಾ ಅಂತ ಕೇಳಿದ್ದೀರಿ.

ಹೋಗುವುದಿಲ್ಲ. ಡಿಶ್ ಒಂದೇ, ಬೀಮ್ ಎರಡು. ಡಿಶ್‌ಗೆ ಅಲೆ ಬಿಡುವ ಫೀಡ್ ಹಾರ್ನ್, ಅದನ್ನು ಹಿಡಿದಿರುವ ಕಂಬಿಗಳು, ಆಂಟೆನಾ ಮುಚ್ಚುವ ಗುಮ್ಮಟವಾದ ರೇಡೋಮ್‌ನ ಜೋಡಣೆ ಗೆರೆಗಳು, ಇವೆಲ್ಲ ಎರಡೂ ಅಲೆಗಳನ್ನು ಒಂದೇ ಥರ ನಡೆಸಿಕೊಳ್ಳುವುದಿಲ್ಲ. ಝಡ್‌ಡಿಆರ್‌ಗೆ ಬೇಕಾದ ನಿಖರತೆ ಸುಮಾರು 0.1 ಡೆಸಿಬೆಲ್. ಅಂದರೆ ಶಕ್ತಿಯಲ್ಲಿ ಬರೀ 2.3 ಶೇಕಡಾ ವ್ಯತ್ಯಾಸ. ಇಷ್ಟು ಎಡವಟ್ಟಾಗಲು ದೊಡ್ಡ ದೋಷವೇನೂ ಬೇಕಿಲ್ಲ.

ಮಳೆ ಎಲ್ಲ ಕಡೆ ಒಂದೇ ಸಮ ಇದ್ದರೆ ತೊಂದರೆ ಕಡಿಮೆ, ತಪ್ಪು ಒಂದೇ ಅಂಕಿಯಷ್ಟು ಇರುತ್ತದೆ, ಕಳೆದರೆ ಆಯಿತು. ಕಷ್ಟ ಇರುವುದು ಗುಡುಗು ಮಳೆಯ ಅಂಚಿನಲ್ಲಿ. 1 ಡಿಗ್ರಿ ಬೀಮ್ 100 ಕಿಲೋಮೀಟರ್ ದೂರದಲ್ಲಿ ಸುಮಾರು 1.7 ಕಿಲೋಮೀಟರ್ ಅಗಲ ಆಗಿರುತ್ತದೆ. ಅಲ್ಲಿ ಎರಡು ಬೀಮ್‌ಗಳ ಸೈಡ್‌ಲೋಬ್ (ಮುಖ್ಯ ಬೀಮ್‌ನ ಪಕ್ಕಕ್ಕೆ ಚೆಲ್ಲುವ ಭಾಗ) ಬೇರೆ ಬೇರೆಯಾಗಿದ್ದರೆ, ಪಕ್ಕದ ಜೋರು ಮಳೆಯ ಪ್ರತಿಧ್ವನಿ ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಸೇರಿ, ಇಲ್ಲದ ದೊಡ್ಡ ಹನಿಗಳು ಪರದೆಯ ಮೇಲೆ ಕಾಣಿಸುತ್ತವೆ.

ಆದರೆ ನನ್ನ ಪ್ರಕಾರ ನಿಜವಾದ ತಲೆನೋವು ಸೋರಿಕೆ, ಅಂದರೆ ಅಡ್ಡ ಅಲೆ ಲಂಬಕ್ಕೆ, ಲಂಬ ಅಲೆ ಅಡ್ಡಕ್ಕೆ ನುಸುಳುವುದು. ಅಮೆರಿಕದ ನೆಕ್ಸ್‌ರಾಡ್ ಹವಾಮಾನ ರೇಡಾರ್‌ಗಳನ್ನು 2011ರಿಂದ 2013ರೊಳಗೆ ಎರಡು ಧ್ರುವೀಕರಣಕ್ಕೆ, ಅಂದರೆ ಅಡ್ಡ-ಲಂಬ ಎರಡೂ ಅಲೆ ಬಳಸುವಂತೆ ಬದಲಾಯಿಸಿದರು, ಅವು ಎರಡೂ ಅಲೆಗಳನ್ನು ಒಟ್ಟಿಗೇ ಕಳಿಸುತ್ತವೆ. ಒಟ್ಟಿಗೆ ಕಳಿಸಿದಾಗ ಸೋರಿದ್ದು ಶಕ್ತಿಯಾಗಿ ಅಲ್ಲ, ವೋಲ್ಟೇಜ್ ಆಗಿ ಮುಖ್ಯ ಸಿಗ್ನಲ್‌ಗೆ ಸೇರುತ್ತದೆ. ಮೈನಸ್ 30 ಡೆಸಿಬೆಲ್ ಸೋರಿಕೆ ಶಕ್ತಿಯಲ್ಲಿ 0.1 ಶೇಕಡಾ, ವೋಲ್ಟೇಜ್‌ನಲ್ಲಿ 3.2 ಶೇಕಡಾ! ಅದು ಕೂಡುತ್ತದೋ ಕಳೆಯುತ್ತದೋ ಎನ್ನುವುದು ಫೇಸ್ ಮೇಲೆ, ಅಂದರೆ ಎರಡು ಅಲೆಗಳ ಏರಿಳಿತ ಎಷ್ಟು ಹಿಂದುಮುಂದಾಗಿದೆ ಎನ್ನುವುದರ ಮೇಲೆ ನಿಂತಿದೆ, ಮಳೆಯೊಳಗೆ ದೂರ ಹೋದಂತೆ ಆ ಫೇಸ್ ಬದಲಾಗುತ್ತಾ ಹೋಗುವುದರಿಂದ ತಪ್ಪೂ ಜಾಗಕ್ಕೊಂದು ಥರ. ಒಂದಾದ ಮೇಲೊಂದು ಕಳಿಸುವ ರೇಡಾರ್‌ಗಳಲ್ಲಿ ಇದು ತುಂಬಾ ಕಡಿಮೆ.

ಸೋರಿಕೆ ಎಷ್ಟು ಅನ್ನುವುದರ ಜೊತೆ ಎಲ್ಲಿ ಅನ್ನುವುದನ್ನೂ ನೋಡಿ. ಒಳ್ಳೆಯ ಡಿಶ್‌ನಲ್ಲಿ ಬೀಮ್‌ನ ನಡುವೆ ಸೋರಿಕೆ ಇಲ್ಲದಂತಾಗಿ, ಸುತ್ತ ನಾಲ್ಕು ಲೋಬ್‌ಗಳು ಒಂದಕ್ಕೊಂದು ಎದುರು ಚಿಹ್ನೆಯಲ್ಲಿರುತ್ತವೆ, ಬಹಳಷ್ಟು ಅವುಗಳಲ್ಲೇ ವಜಾ ಆಗುತ್ತದೆ. ನಟ್ಟನಡುವೆಯೇ ಸೋರಿಕೆಯ ಶಿಖರ ಇದ್ದರೆ ಮಾತ್ರ ಕೆಟ್ಟದ್ದು. ಕಂಬಿಗಳ ಅಡ್ಡಿಯೇ ಬೇಡ ಅಂತ ಕೊಲರಾಡೊದ ಸಿಎಸ್‌ಯು-ಚಿಲ್ ರೇಡಾರ್‌ನಲ್ಲಿ ಫೀಡ್ ಅನ್ನು ಬೀಮ್‌ನ ದಾರಿಯಿಂದ ಪಕ್ಕಕ್ಕೆ ಸರಿಸಿದ, ಎರಡು ಪ್ರತಿಫಲಕಗಳ ಆಂಟೆನಾ ಹಾಕಿದ್ದಾರೆ.

ನಿಮ್ಮ ರೇಡಾರ್ ನೆಟ್ಟಗೆ ಮೇಲಕ್ಕೆ ತಿರುಗುವುದಾದರೆ ತೆಳು ಮಳೆಯಲ್ಲಿ ಒಂದು ಪೂರ್ತಿ ಸುತ್ತು ಹಾಕಿಸಿ, ಸರಾಸರಿ ಝಡ್‌ಡಿಆರ್ ಸೊನ್ನೆ ಬರಬೇಕು. ಬರದಿದ್ದರೆ ಉಳಿದಷ್ಟು ಸ್ಥಿರ ತಪ್ಪು. ಬೀಮ್‌ಗಳು ಎಲ್ಲಿ ಬೇರೆಯಾಗುತ್ತವೆ ಅಂತ ಇದು ಹೇಳುವುದಿಲ್ಲ, ಅದಕ್ಕೆ ಸೂರ್ಯನ ಮೇಲೆ ಸ್ಕ್ಯಾನ್ ಮಾಡಿ ನೋಡಿ. ಅದೂ ಸ್ವೀಕರಿಸುವ ಕಡೆಯದ್ದಷ್ಟೇ.