ಮರಿ ಮನೆಗೆ ಬಂತು, ನಮ್ಮ ಗುಂಡನಿಗೆ ತೊಂದರೆ ಆಗುತ್ತಾ?

ಪ್ರಶ್ನೆ: ಡಾಕ್ಟರೇ, ನಾವು ಕತ್ರಿಗುಪ್ಪೆಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಹೋದ ವಾರದ ಮಳೆಯಲ್ಲಿ ಪಕ್ಕದ ಸೈಟಿನ ಜಲ್ಲಿ ರಾಶಿ ಹಿಂದೆ ಒಂದು ಹೆಣ್ಣು ನಾಯಿಮರಿ ಒಂದೇ ಸಮನೆ ಕೂಗುತ್ತಿತ್ತು. ಎರಡು ದಿನ ಕಾದರೂ ತಾಯಿ ಬರಲಿಲ್ಲ, ಮನೆಗೆ ತಂದೆವು. ಸುಮಾರು 45 ದಿನದ್ದು ಅನ್ನಿಸುತ್ತದೆ. ನಮ್ಮಲ್ಲಿ ಆರು ವರ್ಷದ ನಾಯಿ ಗುಂಡ ಇದ್ದಾನೆ. ಅವನಿಗೆ ಚಿಕ್ಕವನಿದ್ದಾಗ ಎಲ್ಲ ಇಂಜೆಕ್ಷನ್ ಆಗಿದೆ. ಮರಿಗೆ ನಿನ್ನೆ ಮೊದಲನೇ ಇಂಜೆಕ್ಷನ್ ಹಾಕಿಸಿದೆವು. ಇನ್ನು ಇಬ್ಬರನ್ನೂ ಒಟ್ಟಿಗೆ ಬಿಡಬಹುದಾ? ಗುಂಡನಿಗೆ ಏನಾದರೂ ಅಂಟುತ್ತದೆ ಅಂತ ನಮ್ಮತ್ತೆಗೆ ಭಯ. ಮಗಳಿಗಂತೂ ಮರಿ ಬಿಟ್ಟು ಬೇರೆ ಆಟವೇ ಇಲ್ಲ. ಆಟದಲ್ಲಿ ಅವಳ ಕೈಗೆ ಹಲ್ಲು ತಾಗಿ ಸ್ವಲ್ಪ ಗೀರಿದೆ, ಅಷ್ಟೇ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. "ಸ್ವಲ್ಪ ಗೀರಿದೆ, ಅಷ್ಟೇ" ಅಂತ ಬರೆದಿದ್ದೀರಿ. ಅದನ್ನು ಅಷ್ಟಕ್ಕೇ ಬಿಡಬೇಡಿ. ಈ ಮರಿಯ ತಾಯಿ ಯಾರು, ಅದನ್ನು ಯಾವ ನಾಯಿ ಕಚ್ಚಿತ್ತು, ಯಾರಿಗೂ ಗೊತ್ತಿಲ್ಲ. ಎರಡು ತಿಂಗಳೂ ತುಂಬದ ಮರಿಗೂ ರೇಬೀಸ್ ಬರಬಹುದು. ಮಗಳನ್ನು ಇವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಾಯ ತೋರಿಸಿ, ನಡೆದದ್ದನ್ನು ಹೇಳಿ. ಇಂಜೆಕ್ಷನ್ ಅಲ್ಲಿ ಉಚಿತ. ಗಾಯ ನೋಡಿ ಇಮ್ಯುನೋಗ್ಲೋಬ್ಯುಲಿನ್ (ಕೂಡಲೇ ರಕ್ಷಣೆ ಕೊಡಲು ಗಾಯಕ್ಕೇ ಹಾಕುವ ಇನ್ನೊಂದು ಇಂಜೆಕ್ಷನ್) ಬೇಕಾ ಅಂತ ಅವರೇ ಹೇಳುತ್ತಾರೆ. ಮರಿ ಚೆನ್ನಾಗಿಯೇ ಇದೆಯಲ್ಲ, ಹತ್ತು ದಿನ ನೋಡೋಣ ಅಂತ ಮಾತ್ರ ಕಾಯಬೇಡಿ. ಇಂಜೆಕ್ಷನ್ ಶುರು ಮಾಡಿಸಿಯೇ ಮರಿಯನ್ನು ಗಮನಿಸಬೇಕು. ಮುಂದೆ ಯಾರಿಗೇ ಹಲ್ಲು, ಉಗುರು ತಾಗಿದರೂ ಮೊದಲು ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಏನೂ ಬೇಡ.

ಇನ್ನು ಗುಂಡನ ವಿಷಯ. ಅತ್ತೆಯವರ ಭಯ ಸುಮ್ನೆ ಅಲ್ಲ, ಆದರೆ ಜಾಸ್ತಿ ಅಪಾಯ ಇರುವುದು ಮರಿಗೆ. ಚಿಕ್ಕಂದಿನಲ್ಲಿ ಎಲ್ಲ ಡೋಸ್ ಸರಿಯಾಗಿ ಆಗಿ, ಒಂದು ವರ್ಷದ ಬೂಸ್ಟರ್ ಕೂಡ ಆಗಿದ್ದರೆ ಪಾರ್ವೋ (ವಾಂತಿ, ರಕ್ತಭೇದಿ ತರುವ ವೈರಸ್ ಕಾಯಿಲೆ), ಡಿಸ್ಟೆಂಪರ್ (ಕಣ್ಣು, ಮೂಗು ಸುರಿದು ಕೆಮ್ಮು ಬರುವ ವೈರಸ್ ಕಾಯಿಲೆ) ವಿರುದ್ಧ ರಕ್ಷಣೆ ಕೆಲವು ವರ್ಷ ನಿಲ್ಲುತ್ತದೆ. ರೇಬೀಸ್ ಮತ್ತು ಇಲಿ ಜ್ವರದ ಇಂಜೆಕ್ಷನ್ ಮಾತ್ರ ಪ್ರತಿ ವರ್ಷ ಹಾಕಿಸಬೇಕು. ರಾಜಕಾಲುವೆ ಪಕ್ಕದ ಬಡಾವಣೆಗಳಲ್ಲಿ ಮಳೆಗಾಲದಲ್ಲಿ ಇಲಿ ಜ್ವರದ ನಾಯಿಗಳನ್ನು ನಾನು ಕಣ್ಣಾರೆ ನೋಡುತ್ತೇನೆ. ಹಾಗಾಗಿ ಗುಂಡನ ಕಾರ್ಡ್ ಹುಡುಕಿ ತೆಗೆಯಿರಿ. ಕೊನೆಯ ಸ್ಟಿಕ್ಕರ್ ಯಾವ ವರ್ಷದ್ದು ನೋಡಿ. ಕಾರ್ಡ್ ಸಿಗದಿದ್ದರೆ, ಇಲ್ಲ ಬೂಸ್ಟರ್ ತಪ್ಪಿದ್ದರೆ, ಈ ವಾರವೇ ಹಾಕಿಸಿ.

ಲಸಿಕೆ ತಡೆಯದ ಕೆಲವು ಕಾಯಿಲೆಗಳೂ ಇವೆ. ಕಜ್ಜಿ, ಉಣ್ಣೆ, ಚಿಗಟ, ಜಂತುಹುಳ ಗುಂಡನಿಗೂ ದಾಟುತ್ತವೆ. ಕಜ್ಜಿ ಮನೆಯವರಿಗೂ ಅಂಟಬಹುದು. ಬೀದಿಯಿಂದ ಬಂದ ಮರಿಯ ಹೊಟ್ಟೆಯಲ್ಲಿ ಹುಳ ಇದ್ದೇ ಇರುತ್ತದೆ ಅಂದುಕೊಳ್ಳಿ. ಗರ್ಭದಲ್ಲೂ, ತಾಯಿಯ ಹಾಲಿನಲ್ಲೂ ಅವು ಬರುತ್ತವೆ. ಮೂರು ತಿಂಗಳು ತುಂಬುವವರೆಗೆ ಎರಡು ವಾರಕ್ಕೊಮ್ಮೆ ಜಂತಿನ ಔಷಧ ಕೊಡಿ. ಪ್ರಮಾಣವನ್ನು ನಿಮ್ಮ ಡಾಕ್ಟರು ತೂಕ ನೋಡಿ ಹೇಳಲಿ. ಗುಂಡನಿಗೂ ಒಂದು ಸಲ ಕೊಟ್ಟುಬಿಡಿ. ಮರಿಯ ಕಕ್ಕವನ್ನು ಆಗಿಂದಾಗಲೇ ತೆಗೆಯಿರಿ. ಅದರಲ್ಲಿರುವ ದುಂಡು ಹುಳದ ಮೊಟ್ಟೆ ಎರಡು ವಾರ ಹೊರಗಿದ್ದ ಮೇಲೆಯೇ ಅಂಟುವ ಹಂತಕ್ಕೆ ಬರುವುದು. ದಿನಾ ತೆಗೆದರೆ ಆ ಅವಕಾಶವೇ ಇರುವುದಿಲ್ಲ. ಮನೆಯಲ್ಲಿ ಮಗು ಇರುವಾಗ ಇದು ತುಂಬಾ ಮುಖ್ಯ.

"ಮೊದಲನೇ ಇಂಜೆಕ್ಷನ್ ಆಯಿತು, ಇನ್ನೇನು" ಅನ್ನುವ ಮಾತನ್ನು ನನ್ನ ಬಸವನಗುಡಿಯ ಕ್ಲಿನಿಕ್ಕಿನಲ್ಲಿ ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ದಯವಿಟ್ಟು ಇದನ್ನು ಸಮಾಧಾನವಾಗಿ ಓದಿ. ಮರಿ ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣು ಹಾಲಿನಲ್ಲಿ ತಾಯಿಯ ರಕ್ಷಣೆ ಮರಿಗೆ ಬರುತ್ತದೆ. ಅದು ದಿನೇ ದಿನೇ ಕರಗುತ್ತದೆ. ಒಂದು ಮರಿಯಲ್ಲಿ 6 ವಾರಕ್ಕೇ ಮುಗಿದುಹೋಗುತ್ತದೆ, ಇನ್ನೊಂದರಲ್ಲಿ 16 ವಾರದ ತನಕ ಎಳೆಯುತ್ತದೆ. ಅದು ಇರುವಾಗ ಲಸಿಕೆ ಕೊಟ್ಟರೆ ಲಸಿಕೆಯನ್ನೇ ಶತ್ರು ಅಂದುಕೊಂಡು ಹೊಡೆದುಹಾಕುತ್ತದೆ. ನಡುವೆ ಕೆಲವು ದಿನ ಬರುತ್ತವೆ, ನಮಗೆಲ್ಲ ಭಯ ಇರುವುದು ಆ ದಿನಗಳದ್ದೇ. ಆಗ ತಾಯಿಯ ರಕ್ಷಣೆ ರೋಗ ತಡೆಯುವಷ್ಟು ಉಳಿದಿರುವುದಿಲ್ಲ. ಆದರೆ ಲಸಿಕೆಯನ್ನು ಕೆಡಿಸುವಷ್ಟು ಉಳಿದಿರುತ್ತದೆ. ಯಾವ ಮರಿಗೆ ಆ ದಿನಗಳು ಯಾವಾಗ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಮೂರು-ನಾಲ್ಕು ವಾರಕ್ಕೊಂದರಂತೆ, 16 ವಾರ ತುಂಬುವ ತನಕ ಮತ್ತೆ ಮತ್ತೆ ಹಾಕುವುದು. ಮೂರು ತಿಂಗಳಿಗೆ ರೇಬೀಸ್. ಕೊನೆಯ ಡೋಸ್ ಆಗಿ ಎರಡು ವಾರ ಕಳೆದ ಮೇಲೆ ಬೀದಿಗೆ ಇಳಿಸಿ.

ನನ್ನ ಮನೆಯದ್ದೇ ಒಂದು ವಿಷಯ ಹೇಳುತ್ತೇನೆ. ಡಾಕ್ಟರಾದ ಹೊಸತು. ಬೆಲ್ಲ ಅಂತ ಒಂದು ಮರಿ ತಂದಿದ್ದೆ. ಮೊದಲನೇ ಲಸಿಕೆ ನಾನೇ ಹಾಕಿದ್ದೆ. ಬಾಗಿಲಿಂದ ಆಚೆ ಅವಳನ್ನು ಬಿಟ್ಟೇ ಇರಲಿಲ್ಲ. ಆದರೆ ಕ್ಲಿನಿಕ್ಕಿನಲ್ಲಿ ಪಾರ್ವೋ ಮರಿಗಳನ್ನು ನೋಡಿ, ಅದೇ ಚಪ್ಪಲಿಯಲ್ಲಿ ಅಡುಗೆಮನೆ ತನಕ ಬರುತ್ತಿದ್ದೆ. ಒಂದು ಬೆಳಿಗ್ಗೆ ಬೆಲ್ಲ ಊಟ ಬಿಟ್ಟಳು, ಸಂಜೆಗೆ ವಾಂತಿ, ರಾತ್ರಿ ರಕ್ತಭೇದಿ. ಮೂರನೇ ದಿನ ಹೋದಳು. ಹದಿನೇಳು ವರ್ಷ ಆಯಿತು. ಇವತ್ತಿಗೂ ಚಪ್ಪಲಿ ಮೆಟ್ಟಿಲ ಹತ್ತಿರವೇ ಬಿಡುತ್ತೇನೆ, ಯಾರೇ ಬಂದರೂ ಬಿಡಿಸುತ್ತೇನೆ. ನೀವೂ ಹಾಗೇ ಮಾಡಿ. ಗುಂಡ ವಾಕಿಂಗ್ ಮುಗಿಸಿ ಬಂದ ಕೂಡಲೇ ನಾಲ್ಕೂ ಪಾದ ತೊಳೆದು ಒರೆಸಿ.

ಈಗ ಮನೆಯೊಳಗಿನ ವ್ಯವಸ್ಥೆ. ಎರಡು ವಾರ ಬಾಗಿಲು ಹಾಕಿಕೊಳ್ಳುವ ಒಂದು ಜಾಗ ಮರಿಗೆ ಬೇಕು. ಯುಟಿಲಿಟಿ ಆದರೂ ಸಾಕು, ನೆಲ ಟೈಲ್ಸ್ ಇದ್ದರೆ ತೊಳೆಯುವುದು ಸುಲಭ. ತಟ್ಟೆ, ನೀರಿನ ಬೋಗುಣಿ, ಹಾಸಿಗೆ, ನೆಲ ಒರೆಸುವ ಬಟ್ಟೆ ಎಲ್ಲ ಬೇರೆ. ಮೊದಲು ಗುಂಡನ ಕೆಲಸ ಮುಗಿಸಿ ಆಮೇಲೆ ಮರಿಯ ಹತ್ತಿರ ಹೋಗಿ, ಬಂದು ಕೈ ಸೋಪಿನಲ್ಲಿ ತೊಳೆಯಿರಿ. ಪಾರ್ವೋ ಇದ್ದರೆ ಈ ಎರಡು ವಾರದಲ್ಲಿ ಹೆಚ್ಚುಕಡಿಮೆ ತೋರಿಸಿಕೊಳ್ಳುತ್ತದೆ. ಡಿಸ್ಟೆಂಪರ್ ಕೆಲವೊಮ್ಮೆ ಇನ್ನೂ ತಡ ಮಾಡುತ್ತದೆ, ಹಾಗಾಗಿ ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಕೆಮ್ಮು ಕಂಡರೆ ಮತ್ತೆ ಬೇರೆ ಇಡಿ. ಊಟಕ್ಕೆ ನೆನೆಸಿದ ಪಪ್ಪಿ ಫುಡ್, ಇಲ್ಲ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಮೊಟ್ಟೆ, ಕೋಳಿ. ಹಸುವಿನ ಹಾಲು ಬೇಡ. ಅದರಿಂದ ಭೇದಿ ಶುರುವಾದರೆ ಪಾರ್ವೋ ಯಾವುದು, ಹಾಲಿನದ್ದು ಯಾವುದು ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಎರಡು ವಾರ ಇಬ್ಬರೂ ಸುಮ್ಮನೆ ಕೂರುವುದಿಲ್ಲ, ಅಲ್ವಾ? ಬಾಗಿಲ ಸಂದಿಯಲ್ಲಿ ಗುಂಡ ಮೂಸುತ್ತಾನೆ, ಒಳಗಿಂದ ಇವಳು ಕುಂಯ್ ಅನ್ನುತ್ತಾಳೆ. ಆಗಲಿ, ಪರಿಚಯ ಅಲ್ಲೇ ಶುರು. ಅವಧಿ ಮುಗಿದು, ಮರಿ ಆರೋಗ್ಯವಾಗಿದ್ದು, ಕಜ್ಜಿ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ, ಬೇರೆ ನಾಯಿ ಹತ್ತದ ತಾರಸಿಯಲ್ಲಿ ಭೇಟಿ ಮಾಡಿಸಿ. ಬೀದಿ, ಪಾರ್ಕು ಬೇಡ. ಗುಂಡನಿಗೆ ಬೆಲ್ಟ್ ಹಾಕಿ, ಸಡಿಲ ಬಿಡಿ. ಹತ್ತು ನಿಮಿಷ ಸಾಕು. ಮರಿ ಕಿವಿ ಎಳೆದಾಗ ಗುಂಡ ಗುರ್ ಅಂದರೆ ಅವನನ್ನು ಬೈಯಬೇಡಿ. "ಸಾಕು ನಿಲ್ಲಿಸು" ಅಂತ ಅವನು ಹೇಳುವುದು ಹಾಗೆಯೇ. ಗುರುಗುಟ್ಟಲು ಬಿಡದಿದ್ದರೆ ಮುಂದಿನ ಸಲ ನೇರ ಬಾಯಿ ಹಾಕಬಹುದು. ನೀವು ಮರಿಯನ್ನು ಎತ್ತಿಕೊಂಡು ಬಿಡುವು ಕೊಡಿ. ಊಟ ತಿಂಗಳುಗಟ್ಟಲೆ ಬೇರೆ ಬೇರೆಯೇ ಇರಲಿ.

ಒಳಗಿಟ್ಟು ಬೆಳೆಸಿದರೆ ಅಂಜುಬುರುಕಿ ಆಗುತ್ತಾಳೆ ಅಂತ ಯೋಚನೆ ಬೇಡ. ಮೂರು ತಿಂಗಳವರೆಗಿನ ಈ ವಯಸ್ಸಿನಲ್ಲಿ ಕಂಡದ್ದು ಮನಸ್ಸಿನಲ್ಲಿ ಉಳಿಯುತ್ತದೆ ನಿಜ. ಎತ್ತಿಕೊಂಡೇ ತೋರಿಸಿ. ಬಾಲ್ಕನಿಯಿಂದ ಬಸ್ಸು, ಆಟೋ, ತರಕಾರಿ ಗಾಡಿಯ ಕೂಗು, ಪ್ರೆಶರ್ ಕುಕ್ಕರಿನ ಸೀಟಿ. ನೆಲಕ್ಕೆ ಮಾತ್ರ ಇಳಿಸಬೇಡಿ.

ಊಟ ಬಿಟ್ಟು ಮಂಕಾಗಿ ಮಲಗಿದರೆ, ವಾಂತಿ ಆದರೆ, ವಾಸನೆಯ ರಕ್ತಭೇದಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಗಂಟೆಗಳ ಲೆಕ್ಕ ಅದು. ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅಂತ ಈಗಲೇ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ. ಹಗಲಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಪಾರ್ವೋಗೆ ಸಮಯಕ್ಕೆ ಡ್ರಿಪ್ ಸಿಕ್ಕಿದ ಎಷ್ಟೋ ಮರಿಗಳು ನನ್ನ ಕಣ್ಣ ಮುಂದೆ ಎದ್ದು ಓಡಾಡಿವೆ.

ಪ್ರಶ್ನೆ: ಯಲಹಂಕದಲ್ಲಿ ನಮ್ಮದು ಮಣ್ಣಿನ ಅಂಗಳದ ಮನೆ. ನಾಲ್ಕು ತಿಂಗಳ ಹಿಂದೆ ಪಾರ್ವೋದಿಂದ ನಮ್ಮ ಮರಿ ತೀರಿಕೊಂಡಿತು. ಮನೆಯೆಲ್ಲ ಫಿನಾಯಿಲ್ ಹಾಕಿ ತೊಳೆದಿದ್ದೇವೆ. ಅದರ ಹಾಸಿಗೆ, ಕಾಲರ್ ಎಸೆಯಲು ಮನಸ್ಸು ಬಂದಿಲ್ಲ. ಹೊಸ ಮರಿ ತರಬಹುದಾ?

ಉತ್ತರ: ಮರಿ ಈಗ ಬೇಡ. ಫಿನಾಯಿಲಿಗೆ ಈ ವೈರಸ್ ಸಾಯುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಮೊದಲು ಸೋಪಿನಿಂದ ಕೊಳೆ ತೆಗೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿಡಿ. ಬ್ಲೀಚಿಗೆ ಆಸಿಡ್ಡಾಗಲಿ ಬೇರೆ ಕ್ಲೀನರ್ ಆಗಲಿ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ. ಅಂಗಳದ ಮಣ್ಣನ್ನು ಹೀಗೆ ಶುದ್ಧ ಮಾಡಲು ಆಗುವುದಿಲ್ಲ. ನೆರಳಿನ ಮಣ್ಣಿನಲ್ಲಿ ವೈರಸ್ ವರ್ಷದ ತನಕ ಬದುಕಿರಬಹುದು. ಮನೆಗೆ ನಾಯಿ ಬೇಕೇ ಬೇಕು ಅನ್ನಿಸಿದರೆ, ಎಲ್ಲ ಡೋಸ್ ಮುಗಿದ ದೊಡ್ಡ ನಾಯಿಯನ್ನು ದತ್ತು ತಂದುಕೊಳ್ಳಿ. ಅದಕ್ಕೆ ನಿಮ್ಮ ಅಂಗಳದ ಭಯ ಇಲ್ಲ. ಹಾಸಿಗೆಯನ್ನು ಎಸೆದುಬಿಡಿ, ಅದನ್ನು ಇನ್ನೊಂದು ನಾಯಿಗೆ ಹಾಸುವ ಹಾಗಿಲ್ಲ. ಕಾಲರ್ ಇರಲಿ. ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಡಿ.