ಪ್ರಮಾಣ ಮಾಡುವಾಗ ಕೇಳುವವರೊಬ್ಬರು ಇರಬೇಕು

ಅರಸೀಕೆರೆ ಮೂಲದ, ಈಗ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಕ್ಯಾರಿ ಪಟ್ಟಣದಲ್ಲಿ ನೆಲೆಸಿರುವ ಓದುಗರೊಬ್ಬರು ಹೆಸರು ಪ್ರಕಟಿಸಬಾರದೆಂದು ಕೋರಿ ಬರೆದ ಪತ್ರದ ಮುಖ್ಯ ಭಾಗ ಹೀಗಿದೆ:

“2020ರ ಏಪ್ರಿಲ್‌ನಲ್ಲಿ ನನಗೆ ಇಲ್ಲಿ ನೋಟರಿ ನೇಮಕಾತಿ ಬಂತು. ಕೊರೊನಾ ಕಾಲ. ಮೇ ತಿಂಗಳಲ್ಲಿ ನಮ್ಮ ಮನೆಯ ಊಟದ ಮೇಜಿನ ಮುಂದೆ ಕುಳಿತು, ಲ್ಯಾಪ್‌ಟಾಪಿನ ಎದುರು ಬಲಗೈ ಎತ್ತಿ ಪ್ರಮಾಣ ಮಾಡಿದೆ. ಊರಿನಲ್ಲಿ ವಕೀಲಿಕೆ ಮಾಡುವ ನಮ್ಮ ಭಾವನವರು ಇದು ಪ್ರಮಾಣವೇ ಅಲ್ಲ ಎಂದರು. ಐದು ವರ್ಷದ ಅವಧಿ ಮುಗಿದು ಈಗ ಮತ್ತೆ ನೇಮಕವಾಗಿದೆ. ಈ ಸಲ ಕಚೇರಿಗೇ ಬಂದು ಪ್ರಮಾಣ ಮಾಡಬೇಕು ಎಂದಿದ್ದಾರೆ. ಆನ್‌ಲೈನ್ ಅರ್ಜಿಯಲ್ಲಿ ಒಂದು ಸಹಿ ಹಾಕಿದರೆ ಸಾಲದೇ? ಈ ಶಾಸ್ತ್ರವನ್ನೇ ಕೈಬಿಡಬಾರದೇಕೆ?”

ಸೋದರಿ, ನಿಮ್ಮ ಪತ್ರದಲ್ಲಿ ಎರಡು ಮಾತುಗಳಿವೆ. ಒಂದು ನಿಮ್ಮ ಭಾವನವರದು, ಇನ್ನೊಂದು ನಿಮ್ಮದು. ಭಾವನವರ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮಾತನ್ನು ಅದಕ್ಕಿಂತಲೂ ಕಡಿಮೆ ಒಪ್ಪುತ್ತೇನೆ.

ಮೊದಲು ನಮ್ಮ ಇತರ ಓದುಗರಿಗಾಗಿ ಸಂದರ್ಭವನ್ನು ಹೇಳಿಬಿಡುತ್ತೇನೆ. ಈ ಸೋದರಿ ಪ್ರಮಾಣ ಮಾಡಿದಾಗ ಅಲ್ಲಿ ತುರ್ತು ಪರಿಸ್ಥಿತಿ ಇತ್ತು, ಆದರೆ ಅದು 1975ರಲ್ಲಿ ನಾವು ಅನುಭವಿಸಿದಂಥದ್ದಲ್ಲ. ಉತ್ತರ ಕೆರೊಲಿನಾದ ಅಂದಿನ ಗವರ್ನರ್ ರಾಯ್ ಕೂಪರ್ ಸಾಂಕ್ರಾಮಿಕವನ್ನು ಎದುರಿಸಲು 2020ರ ಮಾರ್ಚ್ 10ರಂದು ಘೋಷಿಸಿದ ಆಡಳಿತಾತ್ಮಕ ತುರ್ತು ಸ್ಥಿತಿ ಅದು. ಆ ರಾಜ್ಯದ ಕಾನೂನಿನಂತೆ ನೋಟರಿಯಾಗುವವರು ಆರು ಗಂಟೆಗೆ ಕಡಿಮೆಯಿಲ್ಲದ ತರಗತಿಗೆ ಕುಳಿತು, ಪರೀಕ್ಷೆಯಲ್ಲಿ ಶೇ. 80ರಷ್ಟು ಅಂಕ ಪಡೆದು, ರಾಜ್ಯದ ಕಾರ್ಯದರ್ಶಿಯವರಿಂದ ಐದು ವರ್ಷದ ನೇಮಕ ಪಡೆಯುತ್ತಾರೆ. ಆದರೆ ನೇಮಕಪತ್ರ ಬಂದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. 45 ದಿನಗಳೊಳಗೆ ತಮ್ಮ ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ರಿಜಿಸ್ಟರ್ ಆಫ್ ಡೀಡ್ಸ್ ಎದುರು ಹಾಜರಾಗಿ ಪ್ರಮಾಣ ಸ್ವೀಕರಿಸಬೇಕು. ನಮ್ಮ ಸಬ್ ರಿಜಿಸ್ಟ್ರಾರರಂತೆ ಆಸ್ತಿಪತ್ರಗಳನ್ನು ನೋಂದಾಯಿಸುವ ಈ ಅಧಿಕಾರಿ ಅಲ್ಲಿ ಜನರಿಂದ ಚುನಾಯಿತರಾಗುತ್ತಾರೆ. ರಾಜ್ಯದ ನೂರು ಕೌಂಟಿಗಳಿಗೂ ಒಬ್ಬೊಬ್ಬರಿದ್ದಾರೆ.

ಕೊರೊನಾ ಬಂದಾಗ ಈ 45 ದಿನಗಳ ನಿಯಮ ಬಿಕ್ಕಟ್ಟಿಗೆ ಸಿಕ್ಕಿತು. ಅತ್ತ ಉಯಿಲಿಗೆ, ಆಸ್ಪತ್ರೆಗೆ ಸೇರುವವರ ಅಧಿಕಾರಪತ್ರಕ್ಕೆ, ಮನೆ ಸಾಲದ ಕಾಗದಕ್ಕೆ ನೋಟರಿಗಳು ಎಂದಿಗಿಂತ ಹೆಚ್ಚಾಗಿ ಬೇಕಾಗಿದ್ದರು. ಇತ್ತ ಹೊಸ ನೋಟರಿಗಳು ಪ್ರಮಾಣ ಮಾಡಬೇಕಾದ ಕಚೇರಿಗೆ ಕಾಲಿಡುವುದೇ ಕಷ್ಟವಾಗಿತ್ತು. ಆಗ ಅಲ್ಲಿನ ಶಾಸನಸಭೆ ಒಂದು ಕಾಯಿದೆ ಮಾಡಿತು, ಮೇ 4ರಂದು ಅದಕ್ಕೆ ಗವರ್ನರ್ ಅಂಕಿತ ಬಿತ್ತು. ಆ ದೊಡ್ಡ ಕಾಯಿದೆಯ ಒಂದು ಮೂಲೆಯಲ್ಲಿದ್ದ ಕೆಲವೇ ಸಾಲುಗಳ ವಿಷಯವನ್ನೇ ನಾನಿಲ್ಲಿ ಹೇಳಹೊರಟಿರುವುದು. ತಾತ್ಕಾಲಿಕವಾಗಿ 45 ದಿನಗಳು 90 ಆದವು. ಪ್ರಮಾಣವನ್ನು ವಿಡಿಯೋ ಮೂಲಕ ಬೋಧಿಸಬಹುದು ಎಂದಾಯಿತು. ಆದರೆ ಪ್ರಮಾಣ ಮಾಡುವವರು ರಿಜಿಸ್ಟರ್ ಆಫ್ ಡೀಡ್ಸ್ ಅಧಿಕಾರಿಗೆ ಸ್ವತಃ ಪರಿಚಿತರಾಗಿರಬೇಕಿತ್ತು, ಇಲ್ಲವೇ ತಮ್ಮ ಗುರುತಿಗೆ ತೃಪ್ತಿಕರವಾದ ಆಧಾರ ಒದಗಿಸಬೇಕಿತ್ತು. ಮಾತುಕತೆ ನೇರವಾಗಿ, ಆ ಕ್ಷಣದಲ್ಲೇ, ಇಬ್ಬರೂ ಒಬ್ಬರನ್ನೊಬ್ಬರು ಕಂಡು ಕೇಳುವಂತೆ ನಡೆಯಬೇಕಿತ್ತು. ಮೊದಲೇ ಚಿತ್ರೀಕರಿಸಿ ಕಳುಹಿಸಿದ್ದು ನಡೆಯುತ್ತಿರಲಿಲ್ಲ.

ಆ ಶಾಸಕರು ಏನನ್ನು ಬಿಟ್ಟುಕೊಟ್ಟರು, ಏನನ್ನು ಬಿಡಲಿಲ್ಲ ಎಂಬುದನ್ನು ಗಮನಿಸಿ. ಕೌಂಟರನ್ನು ಬಿಟ್ಟರು, ದಿನಗಳ ಲೆಕ್ಕವನ್ನು ಸಡಿಲಿಸಿದರು. ಕೇಳಿಸಿಕೊಳ್ಳುವ ವ್ಯಕ್ತಿಯನ್ನು ಮಾತ್ರ ಬಿಡಲಿಲ್ಲ. “ಅರ್ಜಿಯಲ್ಲಿ ಸಹಿ ಹಾಕಿ ಕಳುಹಿಸಿ, ಉಳಿದದ್ದನ್ನು ಆಮೇಲೆ ನೋಡೋಣ” ಎನ್ನುವುದು ಎಷ್ಟೋ ಸುಲಭವಿತ್ತು. ಹಾಗೆ ಮಾಡದೆ, ನೂರು ಕೌಂಟಿಗಳ ಅಧಿಕಾರಿಗಳು ಒಬ್ಬೊಬ್ಬ ನೋಟರಿಯ ಮುಖವನ್ನೂ ಪರದೆಯ ಮೇಲೆ ಕಂಡು, ಅವರ ಬಾಯಿಂದಲೇ ಮಾತು ಕೇಳಿಸಿಕೊಳ್ಳಲಿ ಎಂದು ಬಯಸಿದರಲ್ಲ, ಅದನ್ನು ನಾನು ಆ ವರ್ಷದ ವಿವೇಕದ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ನಿಮ್ಮ ಭಾವನವರಿಗೆ ಒಂದು ಪ್ರಸಂಗ ತಿಳಿಸಿ. 1923ರ ಆಗಸ್ಟ್ 2ರಂದು ಅಮೆರಿಕದ ಅಧ್ಯಕ್ಷ ವಾರನ್ ಹಾರ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡರು. ಉಪಾಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಆಗ ವರ್ಮಾಂಟ್ ರಾಜ್ಯದ ಪ್ಲಿಮತ್ ನಾಚ್ ಎಂಬ ಹಳ್ಳಿಯಲ್ಲಿ ತಂದೆಯ ಮನೆಯಲ್ಲಿದ್ದರು. ಆ ಮನೆಗೆ ಟೆಲಿಫೋನ್ ಇರಲಿಲ್ಲ. ನಡುರಾತ್ರಿ ಕಾರಿನಲ್ಲಿ ಬಂದವರು ಬಾಗಿಲು ತಟ್ಟಿ ಸುದ್ದಿ ಹೇಳಿದರು. ಎದ್ದು ಬಂದ ವೃದ್ಧ ತಂದೆ ಜಾನ್ ಕೂಲಿಜ್ ಒಬ್ಬ ನೋಟರಿ. ಮನೆಯ ಪಡಸಾಲೆಯಲ್ಲಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಬೆಳಗಿನ ಜಾವ 2 ಗಂಟೆ 47 ನಿಮಿಷಕ್ಕೆ ಅಪ್ಪ ಓದಿದ ಮಾತುಗಳನ್ನು ಮಗ ಹೇಳಿ, ದೇಶದ ಅಧ್ಯಕ್ಷನಾದ. ರಾಜ್ಯವೊಂದರ ನೋಟರಿಗೆ ಒಕ್ಕೂಟದ ಅಧ್ಯಕ್ಷನಿಗೆ ಪ್ರಮಾಣ ಬೋಧಿಸುವ ಅಧಿಕಾರ ಉಂಟೇ ಎಂಬ ಸಂಶಯ ಆಮೇಲೆ ಎದ್ದಿತು. ವಾಷಿಂಗ್ಟನ್ನಿನ ವಿಲರ್ಡ್ ಹೋಟೆಲಿನಲ್ಲಿ ನ್ಯಾಯಾಧೀಶ ಅಡಾಲ್ಫ್ ಹೋಲಿಂಗ್ ಅವರ ಎದುರು ಕೂಲಿಜ್ ಸದ್ದಿಲ್ಲದೆ ಎರಡನೆಯ ಸಲ ಪ್ರಮಾಣ ಮಾಡಿದರು. ಅಪ್ಪನ ಮನೆಯ ಪಡಸಾಲೆ ತಕ್ಕ ಜಾಗವಲ್ಲ ಎಂಬುದು ಆ ಸಂಶಯಕ್ಕೆ ಕಾರಣವಾಗಿರಲಿಲ್ಲ, ಕೇಳಿಸಿಕೊಂಡವರಿಗೆ ಅಧಿಕಾರವಿತ್ತೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ನಿಮ್ಮ ಊಟದ ಮೇಜಿಗೂ ಇದೇ ಅಳತೆ ಸಲ್ಲುತ್ತದೆ. ಪರದೆಯ ಆಚೆ ಇದ್ದವರು ಕಾನೂನು ಗೊತ್ತುಪಡಿಸಿದ ಅಧಿಕಾರಿಯೇ ಆಗಿದ್ದರು. ನಿಮ್ಮ ಪ್ರಮಾಣದಲ್ಲಿ ಕುಂದಿಲ್ಲ.

ಇನ್ನು ನಿಮ್ಮ ಮಾತು. ರಾಲೀ ನಗರದ ಕಚೇರಿಗೆ ಹೋಗಲು ಅರ್ಧ ದಿನ ರಜೆ ಹಾಕಬೇಕು, 10 ಡಾಲರ್ ಶುಲ್ಕ ಕಟ್ಟಬೇಕು, ಅಲ್ಲಿ ಎರಡು ನಿಮಿಷದ ಕೆಲಸಕ್ಕೆ ಕಾಯಬೇಕು. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ದೂರದ ಕೌಂಟಿಗಳಲ್ಲಿ ವಾಹನ ಓಡಿಸಲಾಗದ ಹಿರಿಯರಿಗೆ ಇದು ನಿಜವಾದ ತೊಡಕೇ ಸರಿ. ಆದರೆ ಅಷ್ಟಕ್ಕೆ ಶಾಸ್ತ್ರವನ್ನೇ ತೆಗೆಯಿರಿ ಎನ್ನುವುದು ನಿಮ್ಮಂಥವರ ಬಾಯಲ್ಲಿ ಬರಬೇಕಾದ ಮಾತಲ್ಲ. ನಾಳೆ ನಿಮ್ಮ ಎದುರು ಒಬ್ಬ ಮುದುಕ ಬಂದು ತನ್ನ ಉಯಿಲನ್ನು ಮುಂದಿಡುತ್ತಾನೆ. ಅದು ಅವನ ಸ್ವಂತ ಇಚ್ಛೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳುವ ಅಧಿಕಾರ ನಿಮ್ಮದು. ಇನ್ನೊಬ್ಬರ ಮಾತನ್ನು ಎದುರಿಗೆ ನಿಂತು ಕೇಳಬೇಕಾದವರು ತಮ್ಮ ಮಾತನ್ನು ಯಾರ ಎದುರೂ ಆಡದೆ ಆ ಕುರ್ಚಿಯಲ್ಲಿ ಕೂರುವುದು ನ್ಯಾಯವೇ?

ಆಡುವ ಮಾತಿನಲ್ಲಿ ಏನಿದೆ ಎನ್ನುವವರಿಗೆ 2009ರ ಜನವರಿ 20 ನೆನಪಿರಲಿ. ಬರಾಕ್ ಒಬಾಮ ಅವರಿಗೆ ಪ್ರಮಾಣ ಬೋಧಿಸುವಾಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಪದವನ್ನು ಹಿಂದುಮುಂದು ಮಾಡಿದರು. ಲಕ್ಷಾಂತರ ಜನರ ಎದುರು ನಡೆದ ಸಮಾರಂಭವಾಗಿದ್ದರೂ, ಮರುದಿನ ಶ್ವೇತಭವನದ ಒಂದು ಕೋಣೆಯಲ್ಲಿ ಇಬ್ಬರೂ ನಿಂತು, ಸರಿಯಾದ ಕ್ರಮದಲ್ಲಿ, ನಿಧಾನವಾಗಿ, ಮತ್ತೊಮ್ಮೆ ಆ ಮಾತುಗಳನ್ನು ಹೇಳಿ ಮುಗಿಸಿದರು. ಅಷ್ಟು ದೊಡ್ಡ ಹುದ್ದೆಯವರು ಒಂದು ಪದಕ್ಕೆ ಕೊಟ್ಟ ಗೌರವ ಅದು.

ನಮ್ಮವರಿಗೆ ಇದನ್ನು ಹೊರಗಿನಿಂದ ಕಲಿಸಬೇಕಾಗಿಲ್ಲ. ಧರ್ಮಸ್ಥಳದ ಮಂಜುನಾಥನ ಎದುರು ಆಣೆ ಮಾಡುವೆಯಾ ಎಂದು ಕೇಳಿದರೆ, ಕೋರ್ಟಿನಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಬಲ್ಲ ಮನುಷ್ಯ ತಡವರಿಸುವುದನ್ನು ಕರಾವಳಿ ಮಲೆನಾಡುಗಳಲ್ಲಿ ಹುಟ್ಟಿದ ಯಾರೂ ಬಲ್ಲರು. ಬಾಯಿ ಬಿಟ್ಟು ಆಡಿದ್ದನ್ನು ಕೇಳಿಸಿಕೊಂಡವರಿದ್ದಾರೆ ಎಂಬ ಅಂಜಿಕೆಯೇ ಅಲ್ಲಿ ಕೆಲಸ ಮಾಡುವುದು. ಕಾಗದದ ಮೇಲಿನ ಸಹಿಗೆ ಆ ಶಕ್ತಿ ಎಂದೂ ಬಂದಿಲ್ಲ.

ಇಷ್ಟಿದ್ದೂ ನಮ್ಮ ನಾಡಿನ ನೋಟರಿ ವ್ಯವಸ್ಥೆಯನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮ 1952ರ ನೋಟರಿ ಕಾಯಿದೆ, 1956ರ ನಿಯಮಗಳು ಹಲವು ಒಳ್ಳೆಯ ಕಟ್ಟುಪಾಡುಗಳನ್ನು ಹೇಳಿವೆ. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿಕೆ ಮಾಡಿದವರನ್ನು ನೇಮಿಸುತ್ತಾರೆ, ಮಹಿಳೆಯರಿಗೂ ಪರಿಶಿಷ್ಟರಿಗೂ ಹಿಂದುಳಿದವರಿಗೂ ಏಳು ವರ್ಷ ಸಾಕು. ಮುದ್ರೆ ಹೇಗಿರಬೇಕು, ರಿಜಿಸ್ಟರಿನಲ್ಲಿ ಏನು ಬರೆಯಬೇಕು ಎಂಬುದೂ ಇದೆ. ಇತರರಿಗೆ ಪ್ರಮಾಣ ಬೋಧಿಸುವ ಅಧಿಕಾರವನ್ನು ನೋಟರಿಗೆ ಕೊಟ್ಟ ಕಾಯಿದೆ, ಅವರು ಸ್ವತಃ ಒಂದು ಪ್ರಮಾಣ ಮಾಡಿ ಹುದ್ದೆಗೆ ಬರಲಿ ಎಂದು ಎಲ್ಲಿಯೂ ಹೇಳಿಲ್ಲ. ಅರ್ಜಿ, ಶುಲ್ಕ, ಸರ್ಟಿಫಿಕೇಟು, ಮುದ್ರೆ, ಇಷ್ಟೇ.

ಇದರ ಫಲವನ್ನು ಯಾವ ತಾಲ್ಲೂಕು ಕೇಂದ್ರದ ಕೋರ್ಟಿನ ಆವರಣದಲ್ಲೂ ನೋಡಬಹುದು. ಒಂದು ಊರಿನಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಮರದ ಕೆಳಗೆ ಟೈಪು ಮಾಡುವವನ ಮೇಜು. ಅವನ ಬಳಿ ನೋಟರಿಯ ಮುದ್ರೆಯೂ ಸಹಿಯೂ ಮೊದಲೇ ಬಿದ್ದ ಖಾಲಿ ಹಾಳೆಗಳ ಕಟ್ಟು. ವಂಶವೃಕ್ಷದ ಅಫಿಡವಿಟ್ಟಿಗೆಂದು ಬಂದ ರೈತರೊಬ್ಬರ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿಸಿ, ಹಾಳೆಗೆ ಒತ್ತಿಸಿ, ದುಡ್ಡು ಎಣಿಸಿಕೊಂಡ. ಅದರಲ್ಲಿ ಏನು ಬರೆದಿದೆ ಎಂದು ಯಾರೂ ಅವರಿಗೆ ಓದಿ ಹೇಳಲಿಲ್ಲ. “ಇದು ನಿಜವೇ?” ಎಂದು ಯಾರೂ ಕೇಳಲಿಲ್ಲ. “ನನ್ನ ಸಮಕ್ಷಮ ಪ್ರಮಾಣ ಮಾಡಿದರು” ಎಂದು ಹಾಳೆಯಲ್ಲಿ ಅಚ್ಚಾಗಿತ್ತು, ಆ ಸಮಕ್ಷಮದವರು ಅಲ್ಲಿ ಇರಲೇ ಇಲ್ಲ. ಆ ಕಾಗದದ ಆಧಾರದ ಮೇಲೆ ಜಮೀನು ಕೈ ಬದಲಾಗುತ್ತದೆ, ಅಣ್ಣತಮ್ಮಂದಿರು ಎರಡು ತಲೆಮಾರು ಕೋರ್ಟು ಅಲೆಯುತ್ತಾರೆ. ಪ್ರಾಮಾಣಿಕರಾಗಿ ಕೆಲಸ ಮಾಡುವ, ಪ್ರತಿ ಕಕ್ಷಿದಾರರನ್ನೂ ಎದುರಿಗೆ ಕೂರಿಸಿಕೊಂಡು ಓದಿ ಹೇಳುವ ನೋಟರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಅಂಥವರನ್ನೂ ನಾನು ಬಲ್ಲೆ, ಅವರಿಗೆ ನಮಸ್ಕರಿಸುತ್ತೇನೆ. ಆದರೆ ವ್ಯವಸ್ಥೆ ಅವರ ಬೆನ್ನಿಗಿಲ್ಲ.

ಕೊರೊನಾ ಕಾಲದಲ್ಲಿ ನಮ್ಮ ನ್ಯಾಯಾಲಯಗಳೂ ದಾರಿ ಹುಡುಕಿದವು. ಸುಪ್ರೀಂ ಕೋರ್ಟು 2020ರ ಮಾರ್ಚ್ 23ರ ಆದೇಶದಲ್ಲಿ ದಾವೆ ಹೂಡುವ ಕಾಲಮಿತಿಯನ್ನೇ ವಿಸ್ತರಿಸಿತು. ಅದು ಸರಿಯಾದ ಕ್ರಮ. ಪ್ರಮಾಣೀಕರಿಸದ ಅಫಿಡವಿಟ್ಟನ್ನು ಸದ್ಯಕ್ಕೆ ಸಲ್ಲಿಸಿ, ಪ್ರಮಾಣೀಕರಿಸಿದ್ದನ್ನು ಆಮೇಲೆ ತಂದುಕೊಡುತ್ತೇವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಸಾಕು ಎಂಬ ಸೌಲಭ್ಯವನ್ನು ದೆಹಲಿ ಹೈಕೋರ್ಟಿನಂಥ ಕಡೆ ಕೊಟ್ಟರು. ಅಂದಿನ ಸ್ಥಿತಿಯಲ್ಲಿ ಅದು ಅನಿವಾರ್ಯವಿದ್ದೀತು. ಆದರೂ ವಿಚಾರಣೆಯನ್ನೇ ವಿಡಿಯೋದಲ್ಲಿ ನಡೆಸಲು ಸಾಧ್ಯವಾದ ಮೇಲೆ, ಪ್ರಮಾಣವನ್ನೂ ಅದೇ ಪರದೆಯಲ್ಲಿ ಕೇಳಿಸಿಕೊಳ್ಳುವ ನಿಯಮವೊಂದನ್ನು ಕಟ್ಟಬಹುದಿತ್ತು. ಪ್ರಮಾಣ ಎಂಬುದು ಮೊದಲು ಕೈಬಿಡಬಹುದಾದ ವಸ್ತು ಎಂದು ನಾವು ಬಹಳ ಬೇಗ ಒಪ್ಪಿಕೊಂಡೆವು. ಮುಂದಿನ ನೆರೆಗೋ ರೋಗಕ್ಕೋ ಮುಂಚೆಯೇ, ಶಾಂತವಾಗಿ ಕುಳಿತು ಆ ನಿಯಮವನ್ನು ಬರೆದಿಡಬೇಕಾದ ಹೊಣೆ ನಮ್ಮ ಕಾನೂನು ಇಲಾಖೆಗಳ ಮೇಲಿದೆ. ನೋಟರಿಯೂ ಜಿಲ್ಲಾ ನ್ಯಾಯಾಧೀಶರ ಎದುರು ಬಾಯಿಬಿಟ್ಟು ಪ್ರಮಾಣ ಮಾಡಿಯೇ ಮುದ್ರೆ ಪಡೆಯಲಿ ಎಂಬ ತಿದ್ದುಪಡಿಯೂ ಅದರ ಜೊತೆಗೇ ಬರಲಿ.

ಸೋದರಿ, ನೀವು ಕೇಳದೆ ಬಿಟ್ಟ ಒಂದು ಮಾತಿಗೂ ಉತ್ತರಿಸುತ್ತೇನೆ, ಏಕೆಂದರೆ ಈ ಅಳುಕು ನಮ್ಮ ಬಹಳ ಜನರಿಗೆ ಇರುತ್ತದೆ. ಅಲ್ಲಿ ಬೈಬಲ್ ಮೇಲೆಯೇ ಕೈಯಿಡಬೇಕೆಂದಿಲ್ಲ. ಯಾವ ಗ್ರಂಥವೂ ಇಲ್ಲದೆ ದೃಢೀಕರಿಸಿ ಹೇಳಲು ಆ ರಾಜ್ಯದ ಕಾನೂನೇ ಎಡೆಕೊಟ್ಟಿದೆ. ನಿಮ್ಮದೇ ವೇಕ್ ಕೌಂಟಿಯ ನ್ಯಾಯಾಧೀಶರೊಬ್ಬರು 2007ರಲ್ಲಿ, ಬೇರೆ ಧರ್ಮದವರು ತಮ್ಮ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡಬಹುದೆಂದು ತೀರ್ಪು ಕೊಟ್ಟಿದ್ದಾರೆ. ಮನೆಯಲ್ಲಿರುವ ಗೀತೆಯನ್ನು ಒಯ್ಯುವುದಾದರೆ ಒಯ್ಯಿರಿ. 45 ದಿನ ಮೀರಿದರೆ ಮತ್ತೆ ಅರ್ಜಿಯಿಂದಲೇ ಶುರುಮಾಡಬೇಕಾಗುತ್ತದೆ. ಹಾಗಾಗಿ ಕೊನೆಯ ವಾರಕ್ಕೆ ಉಳಿಸಿಕೊಳ್ಳದೆ ಹೋಗಿ ಬನ್ನಿ. ಅಧಿಕಾರಿ ಹೇಳಿಕೊಟ್ಟ ಮಾತನ್ನು ಅವಸರವಿಲ್ಲದೆ, ಅವರಿಗೆ ಸ್ಪಷ್ಟವಾಗಿ ಕೇಳಿಸುವಂತೆ ಹೇಳಿ.